ಹೊಂದಾಣಿಕೆ ಆಗಲಿಲ್ಲ

ನವನಗರ, ಬಾಗಲಕೋಟೆ
೧೨ ಜೂನ್ ೨೦೨೫

ಪ್ರಿಯ ಕಸ್ತೂರಿ,

ಒಂದು ಮಾತನ್ನು ಬಿಟ್ಟು ಈ ಪತ್ರ ಬರೆದು ಮುಗಿಸಿದ್ದೆ. ಲಕೋಟೆಗೆ ಹಾಕಿ ಅಂಟಿಸಿಯೂ ಆಗಿತ್ತು. ಈಗ ಅದನ್ನು ಹರಿದು, ಬಿಟ್ಟ ಮಾತಿನಿಂದಲೇ ಶುರು ಮಾಡುತ್ತಿದ್ದೇನೆ.

ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಹುದ್ದೆಗೆ ಸಂದರ್ಶನ ನಡೆದ ದಿನ, ನೀನು ಕೋಣೆಯಿಂದ ಹೊರಗೆ ಹೋದ ಮೇಲೆ, ವಿಠ್ಠಲ ಡಾಕ್ಟರು ನನ್ನ ಕಡೆ ತಿರುಗಿ, "ಈಕಿನ್ನ ತುಳಸೀಬಾಯಿಯವರ ಮನಿಯಿಂದ ನಡುವ ಯಾಕ ವಾಪಸ್ ಕರಿಸಿದ್ರಿ?" ಎಂದು ಕೇಳಿದರು. ಸಿಬ್ಬಂದಿಯ ನೇಮಕ, ವರ್ಗಾವಣೆ ನೋಡುವವಳು ನಾನಾದ್ದರಿಂದ ಉತ್ತರವನ್ನೂ ನಾನೇ ಕೊಡಬೇಕಿತ್ತು. "ಅಲ್ಲಿ ಹೊಂದಾಣಿಕೆ ಆಗಲಿಲ್ಲ" ಎಂದೆ. ಅವರು ಹೂಂ ಎಂದು ಮುಂದಿನವರನ್ನು ಕರೆಸಿದರು.

ಹುದ್ದೆ ರಮಾಬಾಯಿಗೆ ಹೋದದ್ದು ಇದೊಂದೇ ಮಾತಿನಿಂದ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಮಾತಿನ ನಂತರ ನಿನ್ನ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ನನ್ನ ಉದ್ದೇಶ ನಿನ್ನನ್ನು ಕಾಪಾಡುವುದಾಗಿತ್ತು, ಇದನ್ನು ನಂಬು. ಮಡಿಯ ವಿಷಯ ಎಂದು ಬಿಡಿಸಿ ಹೇಳಿದ್ದರೆ ಅಷ್ಟು ಜನರ ನಡುವೆ ನಿನ್ನ ಜಾತಿಯ ಮಾತು ಬರುತ್ತಿತ್ತು. ಅದು ಬೇಡವೆಂದು ಮೃದುವಾದ ಶಬ್ದ ಹುಡುಕಿದೆ. ತುಳಸೀಬಾಯಿ ನನ್ನ ಸ್ವಂತ ಮೌಶಿ, ನಮ್ಮ ತಾಯಿಯ ತಂಗಿ, ಎಂಬುದು ನಿನಗೆ ಗೊತ್ತು. ಪಾರ್ಶ್ವವಾಯುವಾದ ಮೇಲೆ ನಮ್ಮ ಆಸ್ಪತ್ರೆಯಿಂದ ದಿನಾ ಮನೆಗೆ ಹೋಗಿ ನೀನು ಅವರನ್ನು ಹೇಗೆ ನೋಡಿಕೊಂಡೆ ಎಂದು ನಾನೇ ಕಂಡಿದ್ದೇನೆ. ಆದರೆ ಹಳೆಯ ಕಾಲದ ಮನೆ. ಬೇರೆಯವರನ್ನು ಕಳಿಸಿ ಎಂದು ಅವರು ಕೇಳಿದಾಗ ನನಗೆ ಬೇರೆ ದಾರಿ ಇರಲಿಲ್ಲ. ನಿನ್ನನ್ನು ಹುನಗುಂದದ ನಮ್ಮ ಕ್ಲಿನಿಕ್ಕಿಗೆ ಕಳಿಸಿದ್ದೂ, ನಾಲ್ಕು ಜನ ನಾಲ್ಕು ಮಾತಾಡುವ ಜಾಗದಿಂದ ನೀನು ಸ್ವಲ್ಪ ದಿನ ದೂರ ಇರಲಿ ಎಂದು.

ನೀನು ಎಲ್ಲರೊಂದಿಗೆ ನಗುತ್ತ ಇರುವವಳು. ವಿಠ್ಠಲ ಡಾಕ್ಟರು ನಿನ್ನ ಹೆಸರಿನ ಮೇಲೆ ಮಾಡಿದ ಚೇಷ್ಟೆಗೂ ನೀನೇ ಮೊದಲು ನಕ್ಕಿದ್ದೆ. ಅದಕ್ಕೇ ಮನಸ್ಸಿಗೆ ಹಚ್ಚಿಕೊಂಡಿಲ್ಲ ಎಂದುಕೊಂಡಿದ್ದೆ. ನೀನು ಆಸ್ಪತ್ರೆ ನಡೆಸುವ ಟ್ರಸ್ಟಿಗೆ ಅರ್ಜಿ ಕೊಟ್ಟಿರುವೆ, ಆಯ್ಕೆಯನ್ನು ಮತ್ತೆ ನೋಡಬೇಕೆಂದು ಕೇಳಿರುವೆ ಎಂದು ನಿನ್ನೆ ತಿಳಿಯಿತು. ಅದರಲ್ಲಿ ನನ್ನ ಹೆಸರಿಲ್ಲವಂತೆ. ಅದನ್ನು ಕೇಳಿ ಸಮಾಧಾನವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಆಯಿತು.

ಫೋನು ನೀನು ಎತ್ತಲಿಲ್ಲ. ವಾಟ್ಸಾಪಿನಲ್ಲಿ ಬರೆದದ್ದು ನಮ್ಮಲ್ಲಿ ಸಂಜೆಯೊಳಗೆ ಎಲ್ಲರ ಕೈಯಲ್ಲಿರುತ್ತದೆ. ಅದಕ್ಕೆ ಕಾಗದ. ನನಗೆ ಕನ್ನಡದಲ್ಲಿ ಪತ್ರ ಬರೆದು ರೂಢಿಯಿಲ್ಲ. ಕಾನ್ವೆಂಟಿನಲ್ಲಿ ಕಲಿತವಳು, ಅಮ್ಮನಿಗೆ ಕೂಡ ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ. ತಪ್ಪಿದ್ದರೆ ಸರಿಮಾಡಿಕೊಂಡು ಓದು.

ಇಂತಿ,
ರಂಜನಾ


ಹುನಗುಂದ
೨೧ ಜೂನ್ ೨೦೨೫

ಮಾನ್ಯ ರಂಜನಾ ಮೇಡಂ ಅವರಿಗೆ ನಮಸ್ಕಾರಗಳು.

ಪತ್ರ ತಲುಪಿತು. ಸಂದರ್ಶನದಲ್ಲಿ ಏನಾಯಿತೆಂದು ನನಗೆ ಗೊತ್ತಿರಲಿಲ್ಲ. ತಿಳಿಸಿದ್ದು ಒಳ್ಳೆಯದಾಯಿತು. ಅರ್ಜಿಯಲ್ಲಿ ನಿಮ್ಮ ಹೆಸರು ಇಲ್ಲದ್ದು ನಾನು ಬಿಟ್ಟದ್ದಕ್ಕೆ ಅಲ್ಲ, ಗೊತ್ತಿಲ್ಲದ್ದಕ್ಕೆ.

ನಾನು ನಕ್ಕದ್ದನ್ನು ಬರೆದಿದ್ದೀರಿ. ನಿಮಗೆ ಹೇಗೆ ನೆನಪಿದೆಯೋ, ನನಗೆ ಹೀಗೆ ನೆನಪಿದೆ. ಸಿಬ್ಬಂದಿ ಸಭೆಯಲ್ಲಿ ವಿಠ್ಠಲ ಡಾಕ್ಟರು ಎಲ್ಲ ಸಿಸ್ಟರುಗಳಿಗೂ ಕೂಡ್ರಿ, ಹೇಳ್ರಿ ಎನ್ನುತ್ತ ಬಂದು ನನಗೆ "ಏ ಕಸ್ತೂರಿ, ನೀ ಹೇಳ" ಎಂದರು. ಶಕೀಲಾ ಸಿಸ್ಟರ್ ತಡೆಯಲಾರದೆ, "ಆಕಿಗೂ ಒಂದು 'ರಿ' ಹಚ್ರಿ ಸರ" ಎಂದಳು. ಅದಕ್ಕೆ ಡಾಕ್ಟರು, "ಆಕಿ ಹೆಸರಿನೊಳಗ 'ರಿ' ಇದ್ದೇ ಅದ, ಮತ್ತ ಇನ್ನೊಂದು ಯಾಕ? ಕಸ್ತೂರಿರಿ ಅನ್ಲೇನು?" ಎಂದರು. ಎಲ್ಲರೂ ನಕ್ಕರು. ನಾನು ನಕ್ಕದ್ದು ಖರೆ. ನಗದಿದ್ದರೆ ಮರುದಿನದಿಂದ ನಾನು ಸಿಟ್ಟಿನವಳು ಆಗುತ್ತಿದ್ದೆ. ಸಿಟ್ಟಿನವಳಿಗೆ ವಾರ್ಡು ಯಾರು ಕೊಡುತ್ತಾರೆ? ನಾನು ಆ ಸಭೆಯಲ್ಲಿ ನೋಡಿದ್ದು ಡಾಕ್ಟರನ್ನಲ್ಲ ಮೇಡಂ, ನಿಮ್ಮನ್ನು. ನೀವು ಏನಾದರೂ ಅನ್ನುತ್ತೀರಿ ಎಂದುಕೊಂಡಿದ್ದೆ. ನೀವೂ ನನ್ನ ಕಡೆ ನೋಡಿದಿರಿ, ನಾನು ನಗುತ್ತಿದ್ದೇನೆಯೋ ಇಲ್ಲವೋ ಎಂದು. ನಕ್ಕದ್ದು ಕಂಡು ನೀವೂ ನಕ್ಕಿರಿ.

ಇನ್ನು ನಿಮ್ಮ ಮೌಶಿಯವರ ಮನೆಯ ವಿಷಯ. ನನಗೆ ಚಹಾ ಹೊರಗಿನ ಕಟ್ಟೆಯ ಮೇಲೆ ಬರುತ್ತಿತ್ತು, ಬೇರೆ ಲೋಟದಲ್ಲಿ. ಲೋಟ ತೊಳೆದು ಅಲ್ಲೇ ಬೋರಲು ಹಾಕಿ ಹೋಗುತ್ತಿದ್ದೆ. ನೀವು ಭೇಟಿಗೆ ಬಂದಾಗ ಅದನ್ನು ನೋಡಿದ್ದೀರಿ. ನಾನು ದೂರಲಿಲ್ಲ. ಅಜ್ಜಿಗೆ ಕಾಲು ಬರಬೇಕು, ಮಾತು ಬರಬೇಕು, ಅದು ನನ್ನ ಕೆಲಸ, ಲೋಟ ನನ್ನ ಕೆಲಸವಲ್ಲ ಎಂದುಕೊಂಡಿದ್ದೆ.

ಮೂಗಿನ ನಳಿಕೆ ತೆಗೆದ ಮೇಲೆ ಅಜ್ಜಿ ಚಮಚದಲ್ಲಿ ಗಂಜಿ ತೆಗೆದುಕೊಳ್ಳುತ್ತಿದ್ದರು. ನೀರೂ ಕೊಡಬಹುದು ಎಂದು ಡಾಕ್ಟರು ಹೇಳಿದ್ದರು. ಮಾತು ಮಾತ್ರ ಬಂದಿರಲಿಲ್ಲ. ಆ ಮಧ್ಯಾಹ್ನ ನನ್ನ ಸೆರಗು ಹಿಡಿದು "ನೀರ" ಎಂದರು. ಸೊಸೆಯವರು ಮಾಳಿಗೆಯ ಮೇಲೆ ಅರಿವೆ ಒಣಹಾಕುತ್ತಿದ್ದರು. ಕೂಗಿದೆ, ಕೇಳಿಸಲಿಲ್ಲ. ಅಜ್ಜಿ ಮತ್ತೆ "ನೀರ" ಎಂದರು. ಇಷ್ಟು ದಿನ ಕಾಯ್ದ ಮಾತು ಬಾಯಿಗೆ ಬಂದಾಗ ತಡ ಮಾಡಬಾರದು ಅನ್ನಿಸಿತು. ಅಡುಗೆಮನೆಗೆ ಹೋಗಿ ತಾಮ್ರದ ಕೊಡದಿಂದ ವಾಟಗದಲ್ಲಿ ನೀರು ತಂದು ಕುಡಿಸಿದೆ. ಕೆಮ್ಮಲಿಲ್ಲ. ಪೂರ್ತಿ ಕುಡಿದರು. ಆ ಸಂಜೆ ಮನೆಗೆ ಹೋಗಿ ನನ್ನ ಮಗಳಿಗೆ ಅದನ್ನೇ ಹೇಳಿದೆ.

ಮರುದಿನ ಬೆಳಿಗ್ಗೆ ನಿಮ್ಮ ಫೋನು. "ಇವತ್ತಿಂದ ಅಲ್ಲಿ ಹೋಗಬ್ಯಾಡ" ಎಂದಿರಿ. ಯಾಕ್ರಿ ಎಂದೆ. "ನಿನಗ ಗೊತ್ತದಲ್ಲ" ಎಂದಿರಿ. ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ರಮಾಬಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಆಕೆ ನನ್ನ ನಂತರ ಸೇರಿದವಳು. ಸಲೈನ್ ಹಚ್ಚುವುದನ್ನು ನನ್ನ ಕೈಯಲ್ಲೇ ಕಲಿತಳು. ನನಗೆ ಬೇಕಾದದ್ದು ಇಷ್ಟೇ. ಬಾಗಲಕೋಟೆಯಲ್ಲಿ ಹನ್ನೆರಡು ವರ್ಷ ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಹುದ್ದೆ. ಮಗಳು ಈ ವರ್ಷ ಹತ್ತನೆಯ ತರಗತಿ. ನನ್ನ ಯಜಮಾನರು ಪ್ರೇಮಕುಮಾರ ಅವರಿಗೆ ಬಸ್ ಡಿಪೋದಲ್ಲಿ ಪಾಳಿ. ನಾನು ವಾರವೆಲ್ಲ ಇಲ್ಲಿ ಬಾಡಿಗೆ ಕೋಣೆಯಲ್ಲಿ, ಅವರಿಬ್ಬರು ಅಲ್ಲಿ. ನೀವು ಇದನ್ನು ಸ್ವಲ್ಪ ದಿನ ದೂರ ಇರಲಿ ಎಂದು ಬರೆದಿದ್ದೀರಿ.

ಒಂದು ಕೇಳುತ್ತೇನೆ. ನನಗೆ ಬರೆದದ್ದನ್ನು ಟ್ರಸ್ಟಿಗೆ ಬರೆದುಕೊಡಿ. ಹೊಂದಾಣಿಕೆ ಆಗಲಿಲ್ಲ ಎಂದರೆ ಏನು, ಯಾರು ಯಾರೊಂದಿಗೆ ಹೊಂದಲಿಲ್ಲ ಎಂದು. ಇಲ್ಲದಿದ್ದರೆ ಅವರ ತಲೆಯಲ್ಲಿ ಆ ಮಾತಿಗೆ ಅರ್ಥ ನಾನೇ.

ತಮ್ಮ ವಿಶ್ವಾಸಿ,
ಕಸ್ತೂರಿ


ನವನಗರ, ಬಾಗಲಕೋಟೆ
೨೭ ಜೂನ್ ೨೦೨೫

ಪ್ರಿಯ ಕಸ್ತೂರಿಯವರಿಗೆ,

ನಿಮ್ಮ ಪತ್ರ ಓದಿ ನನ್ನ ಮೊದಲ ಪತ್ರದ ನಕಲನ್ನು ತೆಗೆದು ನೋಡಿದೆ. ಪ್ರತಿ ಸಾಲಿನಲ್ಲಿಯೂ ನೀನು, ನಿನ್ನ, ನಿನಗೆ. ಸಲಿಗೆಯಿಂದ ಎಂದು ಸಮಾಧಾನ ಹೇಳಿಕೊಂಡೆ. ಆಮೇಲೆ ಯೋಚಿಸಿದರೆ ರಮಾಬಾಯಿ ನಿಮಗಿಂತ ಚಿಕ್ಕವರು, ಅವರಿಗೆ ನಾನು ಬರ್ರಿ ಅನ್ನುತ್ತೇನೆ. ಶಕೀಲಾಗೂ ಅನ್ನುತ್ತೇನೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಶಬ್ದ, ಅಲ್ಲಿ ನಾನು ಯಾರಿಗೂ ಕಡಿಮೆ ಮಾಡಿದಂತೆ ಕಾಣುವುದಿಲ್ಲ. ಕನ್ನಡಕ್ಕೆ ಬಂದ ಕೂಡಲೇ ಸಿಕ್ಕಿಬಿದ್ದೆ. ಇನ್ನು ಮುಂದೆ ನೀವು ಎಂದೇ ಬರೆಯುತ್ತೇನೆ. ಆ ಸಭೆಯಲ್ಲಿ ನಾನು ನಕ್ಕದ್ದಕ್ಕೆ ಕ್ಷಮೆ ಕೇಳುತ್ತೇನೆ. ನೀವು ನನ್ನ ಮುಖ ನೋಡುತ್ತಿದ್ದಿರಿ ಎಂದು ಗೊತ್ತಿರಲಿಲ್ಲ.

ಬರೆದುಕೊಡುವ ವಿಷಯ ಮಾತ್ರ ಅಷ್ಟು ಸುಲಭವಲ್ಲ. ಬರವಣಿಗೆಯಲ್ಲಿ ಕೊಟ್ಟರೆ ಮೌಶಿಯ ಮನೆಯ ಹೆಸರು ಬರುತ್ತದೆ. ಅವರು ಹಾಸಿಗೆಯಲ್ಲಿದ್ದಾರೆ. ಅವರ ಮಗ ನಿತಿನ ನನ್ನ ಬೆನ್ನಿಗೆ ಬಿದ್ದ ತಮ್ಮನಂತೆ ಬೆಳೆದವನು. ಕಾನೂನಿನ ಮಾತು ಬಂದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆಯೋ. ಹಾಗಾಗಿ ನಾನು ವಿಠ್ಠಲ ಡಾಕ್ಟರ ಜೊತೆ ಬಾಯಿಮಾತಿನಲ್ಲಿ ಮಾತಾಡಿದೆ. ಕಸ್ತೂರಿಯವರ ತಪ್ಪೇನೂ ಇರಲಿಲ್ಲ ಎಂದೆ. ಅವರು, "ಬಿಡ್ರಿ ರಂಜನಾ, ಒಂದು ಮಾತಿಗೆ ಇಷ್ಟು ತಲಿ ಕೆಡಿಸ್ಕೋಬ್ಯಾಡ್ರಿ. ಆಕಿಗೂ ಏನರೆ ಮಾಡೋಣಂತ" ಎಂದರು.

ಮಾಡಿದ್ದಾರೆ. ಬಾದಾಮಿಯಲ್ಲಿ ನಮ್ಮದೊಂದು ಕೇಂದ್ರ ಈ ಶ್ರಾವಣದಲ್ಲಿ ಶುರುವಾಗುತ್ತದೆ. ಬನಶಂಕರಿ ರಸ್ತೆಯಲ್ಲಿ ಜಾಗ ಹಿಡಿದಿದ್ದಾರೆ. ಅದಕ್ಕೆ ನಿಮ್ಮನ್ನು ಇನ್‌ಚಾರ್ಜ್ ಮಾಡಲು ಅವರು ತಯಾರಿದ್ದಾರೆ. ಬಾಗಲಕೋಟೆಗೆ ಹುನಗುಂದಕ್ಕಿಂತ ಹತ್ತಿರ, ದಿನಾ ಹೋಗಿ ಬರಬಹುದು. ಹೊಸ ಜಾಗ, ಹಳೆಯ ಮಾತುಗಳು ಇರುವುದಿಲ್ಲ. ಹೊಂದಾಣಿಕೆಯೂ ಸುಲಭ. ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಯಾರೂ ಷರತ್ತು ಹಾಕಿಲ್ಲ. ಆದರೆ ಹುದ್ದೆ ಸಿಕ್ಕ ಮೇಲೆ ಅದರ ಅಗತ್ಯವೂ ಇರುವುದಿಲ್ಲ ಅಲ್ಲವೇ?

ಯೋಚಿಸಿ ಬರೆಯಿರಿ.

ನಿಮ್ಮ,
ರಂಜನಾ


ಹುನಗುಂದ
೪ ಜುಲೈ ೨೦೨೫

ಮಾನ್ಯ ಮೇಡಂ,

ನೀವು ಎಂದು ಬರೆದದ್ದಕ್ಕೆ ವಂದನೆಗಳು. ನಾನು ಕೇಳಿದ್ದು ಅದಲ್ಲ.

ಬಾದಾಮಿಯ ಕೇಂದ್ರಕ್ಕೆ ಒಬ್ಬರೇ ಸಿಸ್ಟರ್ ಎಂದು ಇಲ್ಲಿಯ ಡಾಕ್ಟರು ಹೇಳಿದರು. ಭಾನುವಾರ ಮನೆಗೆ ಹೋದಾಗ ಯಜಮಾನರಿಗೆ ಪತ್ರ ಓದಿಸಿದೆ. "ಚಲೋ ಆತಲ್ಲ," ಎಂದರು. "ಹಾಜರಿ ನೀನ ತಗೋ, ನೀನ ಎಸ್ ಮೇಡಂ ಅನ್ನು. ರಜಾ ಬೇಕಾದ್ರ ಒಂದು ಕುರ್ಚಿಂದ ಎದ್ದು ಇನ್ನೊಂದು ಕುರ್ಚ್ಯಾಗ ಕುಂತು ಮಂಜೂರು ಮಾಡ್ಕೋ." ಮಗಳು ನಕ್ಕಳು. ನನಗೂ ನಗು ಬಂತು. ಈ ಸಲ ನಿಜವಾದ ನಗು.

ಹೊಂದಾಣಿಕೆಯೂ ಸುಲಭ ಎಂದು ಬರೆದಿದ್ದೀರಿ. ಅದೇ ಮಾತು ನಿಮ್ಮಿಂದ ಎರಡನೆಯ ಸಲ ಬಂದಿದೆ. ನನ್ನ ನೆನಪಾದ ಕೂಡಲೇ ನಿಮಗೆ ಬರುವ ಶಬ್ದ ಅದೇ ಆಗಿದೆಯೇನೋ. ಬಾದಾಮಿಯವರು ನನಗೆ ಹೊಂದಬೇಕೋ, ನಾನು ಬಾದಾಮಿಗೆ ಹೊಂದಬೇಕೋ, ಅದನ್ನು ಬರೆದಿಲ್ಲ.

ನಾನು ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಕಸ್ತೂರಿ


ನವನಗರ, ಬಾಗಲಕೋಟೆ
೯ ಜುಲೈ ೨೦೨೫

ಕಸ್ತೂರಿಯವರಿಗೆ,

ನಿಮ್ಮ ಪತ್ರದಿಂದ ನೋವಾಯಿತು. ನಾನು ಈ ವಿಷಯದಲ್ಲಿ ನನ್ನ ಮಿತಿಯನ್ನು ಮೀರಿ ಪ್ರಯತ್ನಿಸಿದ್ದೇನೆ. ಬೇರೆ ಯಾರೂ ನಿಮಗೆ ಇಷ್ಟು ಬರೆಯುತ್ತಿರಲಿಲ್ಲ ಎಂದುಕೊಂಡಿದ್ದೇನೆ. ಮೌಶಿಯ ಮನೆಯವರು ಕೇಳಿದ್ದನ್ನು ನಾನು ಜಾರಿಗೆ ತಂದೆ, ಅಷ್ಟೇ ನನ್ನ ಪಾತ್ರ. ರೋಗಿಯ ಮನೆಯವರು ಬೇರೆ ಸಿಬ್ಬಂದಿಯನ್ನು ಕೇಳಿದರೆ ಕೊಡುವುದು ನಮ್ಮಲ್ಲಿ ಮೊದಲಿನಿಂದಲೂ ನಡೆದು ಬಂದ ಪದ್ಧತಿ. ಕಾರಣ ಕೇಳುವ ಪದ್ಧತಿ ಇಲ್ಲ.

ಟ್ರಸ್ಟಿನ ಸಭೆ ಆಗಸ್ಟಿನಲ್ಲಿದೆ. ಅಲ್ಲಿ ಏನು ನಿರ್ಣಯವಾಗುತ್ತದೆಯೋ ಅದಕ್ಕೆ ನಾನೂ ಬದ್ಧಳು.

ರಂಜನಾ


ಇಳಕಲ್ಲ
೩೦ ಜುಲೈ ೨೦೨೫

ಮಾನ್ಯ ಮೇಡಂ,

ಇದನ್ನು ಇಳಕಲ್ಲಿನಿಂದ, ನನ್ನ ತವರುಮನೆಯಿಂದ ಬರೆಯುತ್ತಿದ್ದೇನೆ. ನಿಮಗೆ ಮತ್ತೆ ಬರೆಯುವ ಮನಸ್ಸಿರಲಿಲ್ಲ. ಒಂದು ಸಂಗತಿ ಆಗಿದೆ, ಅದು ನಿಮಗೆ ತಿಳಿಯಬೇಕು.

ನಿಮ್ಮ ಹಿಂದಿನ ಪತ್ರ ಬಂದ ಮೇಲೆ ಟ್ರಸ್ಟಿನ ಮೇಲೆ ಭರವಸೆ ಇಡುವುದು ಬೇಡವೆಂದು ಇಲ್ಲಿಯ ಒಂದು ಖಾಸಗಿ ಆಸ್ಪತ್ರೆಗೆ ಅರ್ಜಿ ಹಾಕಿದೆ. ಇದನ್ನು ನಿಮಗೆ ಹೇಳಿರಲಿಲ್ಲ. ಇನ್‌ಚಾರ್ಜ್ ಹುದ್ದೆ, ಒಳ್ಳೆಯ ವಾರ್ಡು. ಸಿಕ್ಕರೆ ಅವ್ವನ ಮನೆಯಲ್ಲಿಯೇ ಇರಬಹುದು, ಮಗಳನ್ನೂ ಪರೀಕ್ಷೆ ಮುಗಿದ ಮೇಲೆ ಇಲ್ಲಿಗೆ ಕರೆತರಬಹುದು ಎಂದು ಲೆಕ್ಕ ಹಾಕಿದ್ದೆವು. ಅವರು ಮಾತಾಡಿಸಿದರು. ಕೆಲಸ ಮಾಡಿಸಿ ನೋಡಿದರು. ಭಾಳ ಚಲೋ ಮಾಡತೀರಿ ಎಂದರು. ಒಂದನೆಯ ತಾರೀಖಿಗೆ ಬರ್ರಿ ಎಂದೂ ಹೇಳಿದರು. ಅಲ್ಲಿ ಮೊದಲ ದಿನವೇ ನನಗೆ ಬರ್ರಿ ಎಂದರು, ನಾನು ಯಾರ ಮುಖವನ್ನೂ ನೋಡಬೇಕಾಗಲಿಲ್ಲ.

ಮೊನ್ನೆ ಕರೆದು, ಸ್ವಲ್ಪ ನಿಲ್ಲಬೇಕಾಗುತ್ತದೆ ಎಂದರು. ನಮ್ಮ ಆಸ್ಪತ್ರೆಗೆ ಫೋನ್ ಮಾಡಿ ನನ್ನ ಬಗ್ಗೆ ವಿಚಾರಿಸಿದ್ದಾರೆ. ಆಫೀಸಿನಲ್ಲಿ ಯಾರು ಎತ್ತಿದರೋ ಗೊತ್ತಿಲ್ಲ. ಕೆಲಸ ಒಳ್ಳೆಯದಿದೆ, ಆದರೆ ಹೊಂದಾಣಿಕೆಯ ತೊಂದರೆ ಎಂದರಂತೆ. ಇಲ್ಲಿಯ ಮ್ಯಾನೇಜರು ಮರ್ಯಾದಸ್ಥರು, ತಲೆ ಕೆಳಗೆ ಹಾಕಿ ಹೇಳಿದರು. "ತಪ್ಪು ತಿಳ್ಕೋಬ್ಯಾಡ್ರಿ ಸಿಸ್ಟರ್, ಇನ್‌ಚಾರ್ಜ್ ಅಂದ್ರ ಎಲ್ಲಾರ್ನೂ ಸಂಭಾಳಿಸ್ಬೇಕಲ್ರಿ."

ಅವ್ವನಿಗೆ ಏನಾಯಿತೆಂದು ಬಿಡಿಸಿ ಹೇಳಲಿಲ್ಲ. ಜಾಗ ಇನ್ನೂ ತಯಾರಿಲ್ಲವಂತೆ ಎಂದೆ. ಆಕೆ ನನ್ನ ಮುಖ ನೋಡಿ, "ಯಾರೇನಂದ್ರು?" ಎಂದು ಕೇಳಿದಳು. ಆಕೆಯ ಹೆಸರು ಶಾರವ್ವ. ಆಕೆಯ ವಯಸ್ಸು ನಿಮ್ಮ ಮೌಶಿಯವರಷ್ಟೇ ಇರಬಹುದು. ನಾನು ಸಾಲಿಗೆ ಹೋಗುವಾಗಲೂ ಯಾರೇನಂದ್ರು ಎಂದು ಹೀಗೆಯೇ ಕೇಳುತ್ತಿದ್ದಳು. ನಾನು ಓದಿ ನರ್ಸ್ ಆದ ಮೇಲೆ ಕೇಳುವುದನ್ನು ಬಿಟ್ಟಿದ್ದಳು.

ಮೇಡಂ, ನೀವು ಅಂದ ಮಾತು ಈಗ ನಿಮ್ಮ ಹತ್ತಿರ ಇಲ್ಲ. ಅದು ಫೋನು ಎತ್ತುವವರ ಬಾಯಿಗೆ ಹೋಗಿದೆ. ನೀವು ಆಡಿದ್ದೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ನಾನು ಎಲ್ಲಿಗೆ ಹೋದರೂ ಅದು ನನಗಿಂತ ಮೊದಲು ಅಲ್ಲಿ ಇರುತ್ತದೆ.

ನೋವಾಯಿತು ಎಂದು ಬರೆದಿದ್ದಿರಿ. ನಾನು ಅದಕ್ಕೆ ಏನೂ ಹೇಳಲಾರೆ. ಬರೆದುಕೊಡುತ್ತೇನೆ, ಮಾಡುತ್ತೇನೆ ಎಂದು ಮತ್ತೆ ಬರೆಯಬೇಡಿ. ಮಾಡಿದ್ದರೆ ಬರೆಯಿರಿ.

ಕಸ್ತೂರಿ


ನವನಗರ, ಬಾಗಲಕೋಟೆ
೧೦ ಆಗಸ್ಟ್ ೨೦೨೫

ಪ್ರಿಯ ಕಸ್ತೂರಿಯವರಿಗೆ,

ನಿಮ್ಮ ಪತ್ರ ಬಂದ ದಿನ ಆಫೀಸಿನಲ್ಲಿ ಫೋನು ಯಾರು ಎತ್ತಿದರು ಎಂದು ವಿಚಾರಿಸಿದೆ. ಹೊಸದಾಗಿ ಸೇರಿದ ಹುಡುಗಿ. ಗದರಿಸಬೇಕೆಂದು ಕರೆಸಿದೆ. ಆಕೆ ಹೆದರಿ, "ನೀವ ಒಮ್ಮೆ ಹಂಗ ಅಂದಿದ್ರಲ್ರಿ ಮೇಡಂ, ನಾ ಅದನ್ನ ಹೇಳಿದೆ" ಎಂದಳು. ಯಾವಾಗ ಅಂದೆನೋ ನನಗೆ ನೆನಪೂ ಇಲ್ಲ. ಚಹಾ ಕುಡಿಯುತ್ತ ಯಾರಿಗೋ ಅಂದಿರಬೇಕು.

ಇಳಕಲ್ಲಿನ ಆಸ್ಪತ್ರೆಗೆ ನಾನೇ ಫೋನ್ ಮಾಡಿದೆ. ಆ ಮಾತು ಸುಳ್ಳು, ಅದನ್ನು ಹುಟ್ಟಿಸಿದವಳು ನಾನು, ಕಸ್ತೂರಿಯವರನ್ನು ನಮ್ಮಲ್ಲಿ ಅವರ ಜಾತಿಯ ಕಾರಣಕ್ಕೆ ಒಂದು ಮನೆಯಿಂದ ತೆಗೆದಿದ್ದೆ ಎಂದು ಮ್ಯಾನೇಜರಿಗೆ ಹೇಳಿದೆ. ಅವರು, "ಜಾಗಾ ಹೋದ ವಾರ ತುಂಬೇತ್ರಿ" ಎಂದರು. ನಿಮಗೆ ಅವರು ಇನ್ನೂ ತಿಳಿಸಿರಲಿಕ್ಕಿಲ್ಲ. ನನ್ನಿಂದ ತಿಳಿಯಬೇಕಾಗಿ ಬಂದದ್ದಕ್ಕೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ಜುಲೈ ಒಂಬತ್ತರಂದು ನಿಮಗೆ ಆ ಬಿಗಿದ ಪತ್ರ ಬರೆಯುವ ಬದಲು ಟ್ರಸ್ಟಿಗೆ ನಾಲ್ಕು ಸಾಲು ಬರೆದಿದ್ದರೆ, ನೀವು ಇವತ್ತು ಇಳಕಲ್ಲಿನಲ್ಲಿ ಕೆಲಸದ ಮೇಲಿರುತ್ತಿದ್ದಿರಿ, ಅಥವಾ ಇಳಕಲ್ಲಿಗೆ ಹೋಗುವ ಅಗತ್ಯವೇ ಇರುತ್ತಿರಲಿಲ್ಲ.

ಟ್ರಸ್ಟಿಗೆ ಬರೆಯಲು ಕುಳಿತೆ. ಮೊದಲು ಇಂಗ್ಲಿಷಿನಲ್ಲಿ ಬರೆದೆ. ಓದಿದರೆ ಅದರಲ್ಲಿ ನಾನು ಎಲ್ಲಿಯೂ ಸಿಗಲಿಲ್ಲ. ಎಲ್ಲವೂ ತಾನಾಗಿಯೇ ನಡೆದಂತೆ ಇತ್ತು. ಕನ್ನಡದಲ್ಲಿ ಬರೆದೆ. ಅಲ್ಲಿಯೂ 'ತಪ್ಪು ತಿಳಿವಳಿಕೆ ಉಂಟಾಗಿ' ಎಂದು ಬಂತು. ಅದನ್ನು ಹೊಡೆದು, 'ಮನೆಯವರು ಕೇಳಿಕೊಂಡದ್ದರಿಂದ ನಾನು' ಎಂದು ಬರೆದೆ. ಆಗ ಮನೆಯವರು ಏನೆಂದು ಕೇಳಿಕೊಂಡರು ಎಂಬುದನ್ನು ಅವರದೇ ಮಾತಿನಲ್ಲಿ ಹಾಕಬೇಕು ಅನ್ನಿಸಿತು. ನೆನಪಿಗೆ ಬರಲಿಲ್ಲ. ಎಷ್ಟು ಯೋಚಿಸಿದರೂ ನಿತಿನನ ಒಂದು ವಾಕ್ಯ ಕೂಡ ನೆನಪಿಗೆ ಬರಲಿಲ್ಲ. ಅದಕ್ಕೆ ಮೌಶಿಯ ಮನೆಗೆ ಹೋದೆ.

ನಿತಿನ ಮನೆಯಲ್ಲಿದ್ದ. ಟ್ರಸ್ಟಿಗೆ ಬರೆಯಬೇಕಾಗಿದೆ, ನಿಮ್ಮ ಹೆಸರು ಬರುತ್ತದೆ, ಆಗ ನೀವು ಏನೆಂದು ಕೇಳಿದ್ದಿರಿ ಹೇಳು ಎಂದೆ. ಅವನು ಹೆಂಡತಿಯ ಮುಖ ನೋಡಿದ.

"ಅಕ್ಕಾ, ನಾವೆಲ್ಲಿ ಕೇಳಿದ್ವಿ?" ಎಂದ. "ನೀನ ಅಂದಿ. ಬ್ಯಾರೆಯಾಕಿನ್ನ ಕಳಸ್ತೇನಿ, ನೀವು ಮುಜುಗರ ಮಾಡ್ಕೋಬ್ಯಾಡ್ರಿ ಅಂತ. ನಾವು ಹೂಂ ಅಂದ್ವಿ."

ನಾನು ನಂಬಲಿಲ್ಲ. ಅವನ ಹೆಂಡತಿ ಆ ಸಂಜೆ ನನಗೆ ಫೋನ್ ಮಾಡಿ ದೂರಿದ್ದು ಚೆನ್ನಾಗಿ ನೆನಪಿದೆ ಎಂದೆ. ಆಕೆ ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಬಂದಳು. ತಾನು ಫೋನ್ ಮಾಡಿದ್ದು ಅತ್ತೆಗೆ ಮಾತು ಬಂತೆಂದು ಹೇಳುವುದಕ್ಕೆ ಎಂದಳು. ನೀರು ಬೇಕೆಂದು ಬಾಯಿಬಿಟ್ಟು ಕೇಳಿದರು, ಸಿಸ್ಟರ್ ಅಡುಗೆಮನೆಯಿಂದ ತಂದುಕೊಟ್ಟರು, ಪೂರ್ತಿ ಕುಡಿದರು, ಎಂದು ಹೇಳಿದ್ದಳಂತೆ. ಕಸ್ತೂರಿಯವರೇ, ನೀವು ಆ ಸಂಜೆ ನಿಮ್ಮ ಮಗಳಿಗೆ ಹೇಳಿದ್ದನ್ನೇ ಆಕೆ ನನಗೆ ಹೇಳಿದ್ದಳು. ಅದೇ ಸುದ್ದಿ, ಅದೇ ಸಂತೋಷ. ನನಗೆ ಕೇಳಿಸಿದ್ದು 'ಅಡುಗೆಮನೆಯಿಂದ' ಎಂಬ ಒಂದು ಶಬ್ದ. ಉಳಿದದ್ದನ್ನು ನಾನು ದೂರು ಮಾಡಿಕೊಂಡೆ. ಫೋನ್ ಬಂದ ಮೇಲೆ ಅವತ್ತೇ ಅವರ ಮನೆಗೆ ಹೋದಾಗ ಹಿತ್ತಲಲ್ಲಿ ತಾಮ್ರದ ಕೊಡ ಬೋರಲು ಬಿದ್ದದ್ದನ್ನೂ ನೋಡಿ, ನೀರು ಚೆಲ್ಲಿ ತಿಕ್ಕಿದ್ದಾರೆ ಎಂದು ಖಾತ್ರಿ ಮಾಡಿಕೊಂಡಿದ್ದೆ. ಅದನ್ನು ಪ್ರತಿ ವಾರ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರಂತೆ.

ಅವರನ್ನು ಒಳ್ಳೆಯವರೆಂದು ತೋರಿಸಲು ಇದನ್ನು ಬರೆಯುತ್ತಿಲ್ಲ. ಕಟ್ಟೆಯ ಮೇಲಿನ ಲೋಟ ಅವರದೇ. ನಿತಿನನೂ ಅದನ್ನು ಮುಚ್ಚಿಡಲಿಲ್ಲ. "ಬ್ಯಾಡ ಅನ್ಲಿಕ್ಕೆ ನಮಗ ಬಾಯಿ ಬರ್ತಿದ್ದಿಲ್ಲ ಬಿಡು," ಎಂದ. "ನೀ ಅಂದಿ, ನಮಗ ಹಗುರಾತು."

ಒಳಗೆ ಮೌಶಿ ಎಲ್ಲವನ್ನೂ ಕೇಳುತ್ತ ಮಲಗಿದ್ದಳು. ಈಗ ಮಾತು ಸಾಕಷ್ಟು ಬರುತ್ತದೆ, ನಾಲಿಗೆ ಸ್ವಲ್ಪ ತಡವರಿಸುತ್ತದೆ. ನನ್ನನ್ನು ಕರೆದು, "ಆಕಿ ಬರ್ಲಿ," ಎಂದಳು. ಯಾರು ಎಂದು ಕೇಳಲಿಲ್ಲ, ಗೊತ್ತಾಯಿತು. ಆಮೇಲೆ, "ಅಡಗಿಮನಿಗೆ ಬ್ಯಾಡ," ಎಂದಳು. ಆಕೆಯ ಮೇಲೆ ಸಿಟ್ಟು ಬಂತು. ಬಸ್ಸಿಲ್ಲದೆ ನಡೆದುಕೊಂಡೇ ಮನೆಗೆ ಬರುವಾಗ, ಆಕೆ ಬಾಯಿಬಿಟ್ಟು ಅಂದದ್ದನ್ನು ನಾನು ಒಂದು ದಿನವೂ ಅನ್ನದೆ, ಅನ್ನಲಾರದವರೆಲ್ಲರ ಪರವಾಗಿ ಮಾಡಿಬಿಟ್ಟಿದ್ದೆ ಎಂದು ತಿಳಿಯಿತು. ನನ್ನನ್ನು ಯಾರೂ ಜಾತಿ ಮಾಡುವವಳು ಎನ್ನುವುದಿಲ್ಲ. ನಾನು ಎಲ್ಲರ ಮನೆಯಲ್ಲಿ ಉಣ್ಣುತ್ತೇನೆ. ಅಷ್ಟರ ಮೇಲೆಯೇ ಇಷ್ಟು ವರ್ಷ ನನ್ನನ್ನು ನಂಬಿಕೊಂಡು ಬಂದೆ.

ಮೌಶಿಯ ಮನೆಗೆ ನಿಮ್ಮ ಬದಲಿಗೆ ರಮಾಬಾಯಿಯವರನ್ನು ಕಳಿಸಿದೆನಲ್ಲ, ಆಗ ನಾನು ಯಾರ ಕೆಲಸ ಚೆನ್ನಾಗಿದೆ ಎಂದು ನೋಡಲಿಲ್ಲ. ಹೆಸರುಗಳನ್ನು ನೋಡಿದೆ. ಇದನ್ನು ರಮಾಬಾಯಿಯವರಿಗೂ ಹೇಳಬೇಕಾಗಿದೆ. ಅವರಿಗೂ ಇದು ಅವಮಾನವೇ.

ಟ್ರಸ್ಟಿಗೆ ಕೊಡುವ ಹೇಳಿಕೆಯ ಮುಖ್ಯ ಭಾಗ ಇದು:

'ರೋಗಿಯ ಮನೆಯವರು ಕೇಳದೇ ಇದ್ದಾಗಲೂ, ಕಸ್ತೂರಿಯವರು ಆ ಮನೆಯ ಅಡುಗೆಮನೆಗೆ ಹೋದರೆಂಬ ಕಾರಣಕ್ಕೆ, ಅವರ ಜಾತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಅವರನ್ನು ಅಲ್ಲಿಂದ ತೆಗೆದೆ. ಸಂದರ್ಶನದಲ್ಲಿ ಹೊಂದಾಣಿಕೆ ಆಗಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಆ ಸುಳ್ಳಿನ ಮೇಲೆ ಆಯ್ಕೆ ನಡೆದಿದೆ. ಆಯ್ಕೆಯನ್ನು ರದ್ದುಪಡಿಸಿ ಮತ್ತೆ ನಡೆಸಬೇಕು, ಆ ಸಮಿತಿಯಲ್ಲಿ ನಾನಿರಬಾರದು. ನನ್ನ ಮೇಲೆ ಕ್ರಮ ಕೈಗೊಳ್ಳುವುದಿದ್ದರೆ ಅದಕ್ಕೆ ನನ್ನ ಆಕ್ಷೇಪವಿಲ್ಲ.'

ಇದರ ಜೊತೆ ಸಿಬ್ಬಂದಿ ಸಭೆಯ ಆ ನಗುವನ್ನೂ ಬರೆದಿದ್ದೇನೆ, ಯಾರು ಅಂದರು, ಯಾರು ನಕ್ಕರು ಎಂದು. ವಿಠ್ಠಲ ಡಾಕ್ಟರಿಗೆ ಮುಂಚಿತವಾಗಿ ಹೇಳಿಲ್ಲ. ಹೇಳಿದರೆ ಅವರು ಬಿಡ್ರಿ ರಂಜನಾ ಎನ್ನುತ್ತಾರೆ, ನಾನು ಬಿಟ್ಟುಬಿಡುತ್ತೇನೆ ಎಂಬ ಭಯ ಇನ್ನೂ ಇದೆ. ನಿಮ್ಮ ಅರ್ಜಿ ಗೆಲ್ಲುತ್ತದೆ ಎಂದು ಭರವಸೆ ಕೊಡಲಾರೆ. ಅದು ನನ್ನ ಕೈಯಲ್ಲಿಲ್ಲ. ಇಳಕಲ್ಲಿನ ಜಾಗವನ್ನು ತಂದುಕೊಡಲಾರೆ. ನಿಮ್ಮ ತಾಯಿಯವರು ಯಾರೇನಂದ್ರು ಎಂದು ಇನ್ನೊಮ್ಮೆ ಕೇಳಿದರೆ, ಇಂಥವಳು ಅಂದಳು ಎಂದು ನನ್ನ ಹೆಸರನ್ನು ಹೇಳಿ.

ಮಾಡಿದ್ದರೆ ಬರೆಯಿರಿ ಎಂದಿದ್ದಿರಿ. ನಾನು ಇನ್ನೂ ಮಾಡಿಲ್ಲ, ಬರೆದಿದ್ದೇನೆ. ಬರೆಯದೆ ಇಟ್ಟುಕೊಂಡರೆ ಅಷ್ಟರೊಳಗೆ ನನ್ನ ನೆನಪು ಮತ್ತೆ ನನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ, ಅದನ್ನು ಒಮ್ಮೆ ನೋಡಿ ಆಗಿದೆ. ಆದರೆ ಇದನ್ನು ಈಗ ಕಳಿಸುವುದಿಲ್ಲ. ಟ್ರಸ್ಟಿನ ಸಭೆ ಸೋಮವಾರ, ೧೮ನೇ ತಾರೀಖು. ಅಲ್ಲಿ ಎಲ್ಲರೆದುರು ನಿಂತು ಹೇಳಿಕೆಯನ್ನು ಓದಿ, ಸಹಿ ಮಾಡಿ ಕೊಟ್ಟು ಬಂದ ಮೇಲೆಯೇ ಈ ಪತ್ರಕ್ಕೆ ಅಂಚೆಚೀಟಿ. ನನ್ನ ಧೈರ್ಯ ಅಲ್ಲಿ ಕೈಕೊಟ್ಟರೆ ಇದು ನಿಮ್ಮ ಕೈಗೆ ಬರುವುದೇ ಇಲ್ಲ, ನೀವು ನನ್ನ ಬಗ್ಗೆ ಈಗ ತಿಳಿದಿರುವುದೇ ಖರೆ ಆಗುತ್ತದೆ.

ರಂಜನಾ

ಟಪಾಲಿಗೆ ಹಾಕಿದ ದಿನ: ೧೯ ಆಗಸ್ಟ್ ೨೦೨೫, ಮಂಗಳವಾರ.